ಐದನೇ ಕ್ಯಾಸೆಟ್

"ಮೇಡಂ, ನಮ್ಮ ತಾತನನ್ನ ಯಾರೋ ಕದ್ದಿದ್ದಾರೆ!"

ತೂಕದಮ್ಮನವರ ಬಾಗಿಲಲ್ಲಿ ನಿಂತು ಹೀಗೆಂದವಳು ಸಿಟಿ ಬಸ್ಸಿನ ಡ್ರೈವರ್. ಬೆಳಗಿನ ಪಾಳಿ ಮುಗಿಸಿ, ಸಮವಸ್ತ್ರವನ್ನೂ ಬದಲಿಸದೆ ಓಡಿಬಂದಿದ್ದಳು. ಅವಳ ಬೆನ್ನ ಹಿಂದೆ ತೆಳ್ಳಗಿನ ಮುದುಕರೊಬ್ಬರು ಟೋಪಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು.

ಶೀಘ್ರಪ್ಪ ನೋಟ್‌ಬುಕ್ ತೆರೆದು ಕೇಳಿದ: "ಹಿಂದೆ ನಿಂತಿರೋರು ಯಾರಮ್ಮ?"

"ನಮ್ಮ ತಾತ."

ಶೀಘ್ರಪ್ಪ ಪೆನ್ಸಿಲ್ ಕೆಳಗಿಟ್ಟ.

ಮೂವತ್ತೈದು ವರ್ಷ ಕಚೇರಿಯಲ್ಲಿ ಶೀಘ್ರಲಿಪಿ ಬರೆದು ನಿವೃತ್ತನಾದ ಅವನಿಗೆ ಈ ಹೆಸರು ಬಂದದ್ದು ಕೈಯ ವೇಗದಿಂದ. ಉಳಿದ ಅಂಗಾಂಗಗಳೆಲ್ಲ ಆಮೆಯ ಕಡೆಯವು. ಆರು ವರ್ಷದಿಂದ ಅವನು ತೂಕದಮ್ಮನವರ ಕೆಳಮನೆಯ ಬಾಡಿಗೆದಾರ, ಅವರ ಪತ್ತೇದಾರಿಕೆಯ ಲಿಪಿಕಾರ. ತೂಕದಮ್ಮನವರನ್ನು ಅರಿಯದವರು ಊರಲ್ಲಿಲ್ಲ. ಅಂಗಡಿ ಅಂಗಡಿ ತಿರುಗಿ ತಕ್ಕಡಿ, ತೂಕದ ಬಟ್ಟು, ಪೆಟ್ರೋಲ್ ಪಂಪುಗಳನ್ನು ಪರೀಕ್ಷಿಸುವ ಕೆಲಸದಲ್ಲಿ ಮೂವತ್ತೆರಡು ವರ್ಷ ಕಳೆದವರು. ಅವರು ನಿವೃತ್ತರಾದ ದಿನ ಊರಿನ ಅರ್ಧ ವ್ಯಾಪಾರಿಗಳು ಬಂದು ಕೈ ಕುಲುಕಿದರು. ಇನ್ನರ್ಧ ಮನೆಯಲ್ಲೇ ಕೂತು ನಿಟ್ಟುಸಿರು ಬಿಟ್ಟರು. "ಸುಳ್ಳಿಗೂ ತೂಕ ಇರುತ್ತೆ ರೀ ಶೀಘ್ರಪ್ಪ, ಒಂದು ತಟ್ಟೆಗೆ ಹಾಕಿದ್ರೆ ಇನ್ನೊಂದು ತಟ್ಟೆ ಏಳಲೇಬೇಕು" ಎಂಬುದು ಅವರ ಮಾತು.

"ಮೊದಲು ಕೂತ್ಕೊಳ್ಳಿ. ತಾತ, ನೀವೂ ಬನ್ನಿ," ಎಂದರು ತೂಕದಮ್ಮ. "ಕಳೆದಿರೋದು ಏನು, ಅದನ್ನ ಹೇಳಮ್ಮ."

ಅವಳು ಹೇಳಿದ್ದು ಇಷ್ಟು. ಅವಳದು 'ತಗಡಿನ ಮಾಡು' ಎಂಬ ನಾಲ್ಕು ಜನರ ರಾಕ್ ಬ್ಯಾಂಡ್. ಹಾಡು ಮತ್ತು ಗಿಟಾರ್ ಅವಳದು. ಡ್ರಮ್ ಬಾರಿಸುವವನು ಪಂಕ್ಚರ್ ಅಂಗಡಿ ಇಟ್ಟವನು. ಕೀಬೋರ್ಡ್ ನುಡಿಸುವವಳು ಔಷಧಿ ಅಂಗಡಿಯಲ್ಲಿ ಕೆಲಸದವಳು. ಬೇಸ್ ಗಿಟಾರಿನವನು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾನೆ. ಎಲ್ಲರ ಬಾಯಲ್ಲೂ ಅವನು 'ಕರಡು'. ಪಂಕ್ಚರ್ ಅಂಗಡಿಯ ಹಿಂದಿನ ಕೋಣೆಯ ಗೋಡೆಗೆ ಹಳೆಯ ಹಾಸಿಗೆಗಳನ್ನು ಹೊಡೆದು, ಹಳೆ ಸಾಮಾನಿನ ಅಂಗಡಿಯಿಂದ ಒಂದೇ ಕ್ಯಾಸೆಟ್ಟಿನಲ್ಲಿ ವಾದ್ಯಗಳ ಸದ್ದನ್ನು ನಾಲ್ಕು ಸಾಲಾಗಿ ಬೇರೆ ಬೇರೆ ಹಿಡಿಯುವ ರೆಕಾರ್ಡರ್ ಒಂದನ್ನು ತಂದು, ಹನ್ನೊಂದು ತಿಂಗಳಲ್ಲಿ ಹತ್ತು ಹಾಡುಗಳ ಆಲ್ಬಂ ಮಾಡಿದ್ದರು. ಹತ್ತು ಹಾಡಿಗೆ ಐದು ಕ್ಯಾಸೆಟ್. ಶನಿವಾರ ಸಂಜೆ ಹುಟ್ಟೂರಿನ ಸಭಾಂಗಣದಲ್ಲಿ ಅವರ ಮೊದಲ ದೊಡ್ಡ ಕಾರ್ಯಕ್ರಮ, ಅಂದೇ ಆಲ್ಬಂ ಬಿಡುಗಡೆ. ಈ ದಿನ, ಬುಧವಾರ, ಮಧ್ಯಾಹ್ನ ಎರಡಕ್ಕೆ ಎಲ್ಲರೂ ಕೂತು ನಾಲ್ಕು ಸಾಲುಗಳನ್ನೂ ಬೆರೆಸಿ ಕೊನೆಯ ಹದ ಮಾಡುವುದೆಂದು ನಿಶ್ಚಯವಾಗಿತ್ತು. ಹನ್ನೆರಡಕ್ಕೆ ಅವಳು ಡಬ್ಬಿ ನೋಡಿದರೆ ನಾಲ್ಕೇ ಕ್ಯಾಸೆಟ್.

"ಹೋಗಿರೋದು ಐದನೇದು. ಕೊನೇ ಹಾಡು ಅದರಲ್ಲಿದೆ. ಅದಕ್ಕೆ ತಾತ ಟ್ರಂಪೆಟ್ ಊದಿದ್ದಾರೆ."

"ಇನ್ನೊಂದು ಸಲ ಊದಿದರಾಯ್ತಲ್ಲ," ಎಂದ ಶೀಘ್ರಪ್ಪ.

ತಾತ ಬಾಯಿ ಅಗಲಿಸಿ ತೋರಿಸಿದರು. ಒಳಗೆ ಒಂದು ಹಲ್ಲೂ ಇರಲಿಲ್ಲ.

"ಎರಡು ತಿಂಗಳ ಹಿಂದೆ ಕಿತ್ತಿದ್ದು. ಮುಂದಿನ ಹಲ್ಲು ಹೋದ್ರೆ ತುತ್ತೂರಿನೂ ಹೋಯ್ತು ಅಂತಲೇ ಲೆಕ್ಕ ಕಣಪ್ಪ. ತುಟಿಗೆ ಆಸರೆ ಬೇಕಲ್ಲ," ಎಂದರು ತಾತ. "ಗಿರಣಿ ಕೆಲಸಗಾರರ ಬ್ಯಾಂಡಲ್ಲಿ ನಲವತ್ತು ವರ್ಷ ಊದಿದೆ. ಯಾರೂ ಹಿಡಿದಿಟ್ಕೊಳ್ಳಲಿಲ್ಲ. ಇವಳು ಹಿಡಿದಿಟ್ಲು. ಇದ್ದಿದ್ದು ಅದೊಂದೇ."

"ಪ್ರತಿ ತೆಗೆದಿರಲಿಲ್ವಾ?"

"ಪ್ರತಿ ತೆಗೆದಷ್ಟೂ ಸದ್ದು ಕೆಡುತ್ತೆ ಮೇಡಂ. ನಮ್ಮ ಡ್ರಮ್ಮರ್ ಹೇಳ್ತಾನೆ, ಪ್ರತಿಯ ಪ್ರತಿ ಅಂದ್ರೆ ಅಳಿಯನ ಅಳಿಯ ಇದ್ದ ಹಾಗೆ, ಮನೆತನದ ಮುಖಲಕ್ಷಣ ಉಳಿಯಲ್ಲ ಅಂತ." ಅವಳ ದನಿ ಗಡುಸಾಯಿತು. "ಕದ್ದಿದ್ದು ಯಾರು ಅಂತ ನನಗೆ ಗೊತ್ತು. ಔಷಧಿಯವಳು. ಎಲ್ಲ ಹಾಡನ್ನೂ ಸ್ಟುಡಿಯೋದಲ್ಲಿ ಮತ್ತೆ ಮಾಡೋಣ ಅಂತ ಹಟ ಹಿಡಿದಿದ್ಲು. ಇವತ್ತು ಕರಡು ನುಡಿಸಿ ಹೋದ ಮೇಲೆ ಕೋಣೇಲಿ ಒಬ್ಬಳೇ ಇದ್ದಿದ್ದೂ ಅವಳೇ. ನಾನು ಅವಳ ಜೊತೆ ಇನ್ನು ವೇದಿಕೆ ಹತ್ತಲ್ಲ."

"ಹಾಗಾದ್ರೆ ಶನಿವಾರ?"

"ಶನಿವಾರ ಇಲ್ಲ ಮೇಡಂ."

ತಾತ ಟೋಪಿಯ ಅಂಚನ್ನು ಬೆರಳಲ್ಲಿ ತಿರುಗಿಸುತ್ತಾ ನೆಲ ನೋಡಿದರು.

"ಶನಿವಾರ ಇರುತ್ತೆ," ಎಂದರು ತೂಕದಮ್ಮ. "ಏಳಿ, ಕೋಣೆ ನೋಡೋಣ."

ಪಂಕ್ಚರ್ ಅಂಗಡಿಯ ಡ್ರಮ್ಮರ್ ಕಪ್ಪು ಮೆತ್ತಿದ ಕೈಗಳನ್ನು ಬಟ್ಟೆಗೆ ಒರೆಸಿಕೊಂಡು ಎದ್ದುಬಂದ. ಕೋಣೆಯ ಕೀಲಿ ಅಂಗಡಿಯ ಹೊರಗಿನ ಮೊಳೆಯಲ್ಲಿ, ಅಂಗಡಿ ಮುಚ್ಚಿದ್ದರೂ ಸಿಗುವ ಹಾಗೆ, ತೂಗುತ್ತಿತ್ತು. ನಾಲ್ವರಿಗೂ ಅದೊಂದೇ ಕೀಲಿ. ಕೋಣೆಯಲ್ಲಿ ಹಾಸಿಗೆಗಳ ಗೋಡೆ, ಹಾಡಲು ನಿಲ್ಲುವ ಖಾಲಿ ಬೀರು, ಮೂಲೆಯಲ್ಲಿ ಡ್ರಮ್ಮುಗಳು, ಒಂದು ಆಂಪ್ಲಿಫೈಯರ್. ಹಿಂಬಾಗಿಲು ಓಣಿಗೆ ತೆರೆಯುತ್ತಿತ್ತು, ಅದಕ್ಕೆ ಒಳಗಿನಿಂದ ಚಿಲಕ. ತೂಕದಮ್ಮ ಚಿಲಕ ಎಳೆದರು. ಅದು ಸಲೀಸಾಗಿ ಸರಿಯಿತು.

"ಬೆಳಗಿನಿಂದ ನಡೆದಿದ್ದು ಒಂದೊಂದೇ ಹೇಳಪ್ಪ."

"ಒಂಬತ್ತಕ್ಕೆ ನಾನೇ ಬಾಗಿಲು ತೆಗೆದೆ ಮೇಡಂ. ನನ್ನ ಸ್ನೇರ್ ಡ್ರಮ್ಮಿನ ಚರ್ಮ ಹರಿದಿತ್ತು. ನಿನ್ನೆ ಐದು ಗಂಟೆಗೆ ಅಂಗಡಿ ಮುಚ್ಚಿ ಮನೆಗೆ ಒಯ್ದು ಹೊಸದು ಹಾಕಿ, ಇವತ್ತು ತಂದಿಟ್ಟೆ." ಅವನು ಮೂಲೆಯ ಚಿಕ್ಕ ಡ್ರಮ್ಮನ್ನು ತೋರಿಸಿದ. ಅದರ ತಳದಲ್ಲಿ ಸಣ್ಣ ತಂತಿಗಳ ಪಟ್ಟಿಯೊಂದು ಬಿಗಿದಿತ್ತು. "ಆಗ ಡಬ್ಬಿ ಸರಿಸ್ದೆ. ಐದೂ ಇದ್ವು. ಒಂಬತ್ತೂವರೆಗೆ ಕರಡು ಬಂದ. ಚಿಲಕ ಹಾಕ್ಕೊಂಡು ಮುಕ್ಕಾಲು ಗಂಟೆ ನುಡಿಸಿ ಪ್ರೆಸ್ಸಿಗೆ ಹೋದ."

"ನುಡಿಸಿದ್ದನ್ನ ನೋಡಿದ್ಯಾ?"

"ಒಳಗೆ ಸದ್ದು ಬರ್ತಿದ್ರೆ ಬಾಗಿಲು ಬಡೀಬಾರದು, ಅದು ನಮ್ಮ ಕಟ್ಟಳೆ. ರೆಕಾರ್ಡ್ ಆಗ್ತಿರುತ್ತಲ್ಲ. ನೋಡೋದೇನು, ಟೈರ್ ಬಿಚ್ತಾ ಕೇಳ್ತಾನೇ ಇದ್ದೆ. ಬೇಸ್ ಗುಂಯ್ ಅಂತಿತ್ತು, ಜೊತೆಗೆ ನನ್ನ ಡ್ರಮ್ಮು ಜುರ್ರ್ ಜುರ್ರ್ ಅಂತ ಗೊರಕೆ ಹೊಡೀತಿತ್ತು. ತಂತಿ ಸಡಿಲ ಮಾಡೋದನ್ನ ನಾನು ಯಾವತ್ತೂ ಮರೀತೀನಿ. ಆಮೇಲೆ ಮುಕ್ಕಾಲು ಹನ್ನೊಂದಕ್ಕೆ ಔಷಧಿಯವಳು ಒಂದು ವಯರ್ ತಗೊಳ್ಳೋಕೆ ಬಂದು ಐದು ನಿಮಿಷ ಇದ್ಲು. ಅಷ್ಟೇ."

"ನಾಲ್ಕು ಸಾಲಿನ ರೆಕಾರ್ಡರ್ ಎಲ್ಲಿ?"

"ಅವಳ ಮನೇಲಿ. ನಿನ್ನೆ ಮಧ್ಯಾಹ್ನ ಒಯ್ದಳು, ಸ್ಪಿರಿಟ್ಟಲ್ಲಿ ಒರೆಸಿ ತರೋಕೆ."

ಔಷಧಿ ಅಂಗಡಿಯ ಹುಡುಗಿಯ ಕಣ್ಣು ಕೆಂಪಾಗಿತ್ತು, ನಾಲಿಗೆ ಮಾತ್ರ ಚೂಪಾಗಿಯೇ ಇತ್ತು. "ಸ್ಟುಡಿಯೋ ಬೇಕು ಅಂದಿದ್ದು ನಾನೇ, ಇಲ್ಲ ಅನ್ನಲ್ಲ. ಅದಕ್ಕೋಸ್ಕರ ಕದಿಯೋದಾದ್ರೆ ಐದೂ ಕದೀತಿದ್ದೆ. ಒಂದನ್ನ ಕದ್ದು ಉಪ್ಪಿನಕಾಯಿ ಹಾಕ್ಲಾ?"

"ಐದನೇದರಲ್ಲಿ ಅಂಥದ್ದೇನಿದೆ?"

"ತಾತನ ಟ್ರಂಪೆಟ್ ಇದೆ. ಅದು ಶುರುವಾಗೋ ಕಡೆ ಒಂದು ಸಣ್ಣ ತಪ್ಪೂ ಇದೆ. ಬೇಸ್ ತಾಳಕ್ಕಿಂತ ಅರ್ಧ ಹೆಜ್ಜೆ ಮುಂಚೆ ಬೀಳುತ್ತೆ. ಯಾರಿಗೂ ಗೊತ್ತಾಗಲ್ಲ ಬಿಡೋ ಅಂತ ಎಲ್ರೂ ಅಂದ್ವಿ."

"ಕದ್ದವರು ಮನೇಲಿ ಹಾಕ್ಕೊಂಡು ಕೇಳಬಹುದಾ?"

"ಮಾಮೂಲಿ ಪ್ಲೇಯರಲ್ಲಿ ಎರಡು ಸಾಲು ನೆಟ್ಟಗೆ, ಇನ್ನೆರಡು ಇನ್ನೊಂದು ಬದಿಯಲ್ಲಿ ತಿರುಗುಮುರುಗಾಗಿ ಕೇಳುತ್ತೆ. ನಮ್ಮದರಂಥ ಯಂತ್ರವೇ ಬೇಕು. ಹಳೆ ಸಾಮಾನಿನ ಅಂಗಡೀಲಿ ಎರಡಿತ್ತು, ಒಂದನ್ನ ನಾವು ತಂದ್ವಿ."

ಕರಡು ಸಂಜೆ ತಾನಾಗಿಯೇ ತೂಕದಮ್ಮನವರ ಮನೆಗೆ ಬಂದ. ಕೂರುವ ಮೊದಲು ಗೋಡೆಯ ಮೇಲೆ ಕೂದಲೆಳೆಯಷ್ಟು ವಾಲಿದ್ದ ಕ್ಯಾಲೆಂಡರನ್ನು ನೆಟ್ಟಗೆ ಮಾಡಿದ. ಆಮೇಲೆ ರಬ್ಬರ್ ಬ್ಯಾಂಡ್ ಹಾಕಿದ ಕ್ಯಾಸೆಟ್ಟುಗಳ ಕಟ್ಟೊಂದನ್ನು ಮೇಜಿನ ಮೇಲಿಟ್ಟ.

"ನಾನು ಒಬ್ಬನೇ ನುಡಿಸಿದ್ದನ್ನ ಆ ಕೋಣೇಲೇ ಸಣ್ಣ ರೆಕಾರ್ಡರಲ್ಲಿ ಹಿಡಿದು, ರಾತ್ರಿ ಕೇಳಿ ತಪ್ಪುಗಳಿಗೆ ಗುರುತು ಹಾಕ್ತೀನಿ ಮೇಡಂ. ಇವತ್ತು ಬೆಳಗಿಂದೂ ಇದೆ. ಒಂಬತ್ತೂವರೆಯಿಂದ ಹತ್ತೂಕಾಲು. ಸಾಕ್ಷಿಗಿರಲಿ ಅಂತ ತಂದೆ."

ತೂಕದಮ್ಮ ಒಂದೊಂದರ ಮೇಲಿನ ಚೀಟಿ ಓದಿದರು. ಗುರುವಾರ, ಶುಕ್ರವಾರ, ಶನಿವಾರ, ಸೋಮವಾರ, ಬುಧವಾರ.

"ಭಾನುವಾರ ರಜೆ. ಮಂಗಳವಾರದ್ದು?"

"ನಿನ್ನೆ ಪ್ರೆಸ್ಸಲ್ಲಿ ಕೆಲಸ ಜಾಸ್ತಿ ಇತ್ತು."

ಅವನು ಹೋದ ಮೇಲೆ ತೂಕದಮ್ಮ ಸೋಮವಾರದ್ದನ್ನೂ ಬುಧವಾರದ್ದನ್ನೂ ಹಾಕಿ, ಕಣ್ಣು ಮುಚ್ಚಿ ಕೂತರು. ಕೇಳಿಸಿದ್ದನ್ನೆಲ್ಲ ಬರೆಯಬೇಕೆಂದು ಶೀಘ್ರಪ್ಪನಿಗೆ ಅಪ್ಪಣೆಯಾಗಿತ್ತು. ಮಾತೇ ಇಲ್ಲದ ಟೇಪಿನಲ್ಲಿ ಬರೆಯುವುದೇನೆಂದು ಗೊಣಗುತ್ತಲೇ ಬರೆದ. ಸೋಮವಾರದ ಪುಟದಲ್ಲಿ ಬೇಸಿನ ಗುಂಯ್, ಒಂದು ಕೆಮ್ಮು, ಏಳು ಕಡೆ ಜುರ್ರ್. ಬುಧವಾರದ ಪುಟದಲ್ಲಿ ಗುಂಯ್ ಬಿಟ್ಟರೆ ಎರಡು ಕೆಮ್ಮು.

"ಎರಡರಲ್ಲೂ ಒಂದೇ ಪಾಠ ಮೇಡಂ. ಬರೆದು ಏನು ಬಂತು?"

ತೂಕದಮ್ಮ ಎರಡು ಪುಟಗಳನ್ನೂ ಅಕ್ಕಪಕ್ಕ ಹಿಡಿದು ನೋಡಿ ನಕ್ಕರು. "ನೀವು ಬರೆದಿದ್ದನ್ನ ನೀವೇ ಓದಲ್ವಲ್ಲ ರೀ. ನಾಳೆ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಆ ಕೋಣೇಲಿ ಸೇರ್ಲಿ. ತಾತನೂ ಬರ್ಲಿ."

ಗುರುವಾರ ಹತ್ತಕ್ಕೆ ಎಲ್ಲರೂ ಬಂದರು. ತಾತನ ಮೊಮ್ಮಗಳು ಗಾಯಕಿ ಬೀರುವಿನ ಬಳಿ ನಿಂತಳು, ಔಷಧಿಯವಳು ಎದುರು ಗೋಡೆಗೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಇದ್ದ ಒಂದೇ ಕುರ್ಚಿ ತಾತನಿಗೆ ಸಿಕ್ಕಿತು. ತೂಕದಮ್ಮ ಲಾರಿಯ ಟೈರೊಂದರ ಮೇಲೆ ಕೂತರು. ಶೀಘ್ರಪ್ಪನಿಗೆ ಮೂಲೆಯೇ ಗತಿ, ಡ್ರಮ್ಮುಗಳ ಪಕ್ಕ.

"ಕರಡು, ಬೇಸ್ ತಗೊಳ್ಳಪ್ಪ. ಸೋಮವಾರ ನುಡಿಸಿದ್ದನ್ನೇ ನುಡಿಸು."

ಅವನು ನುಡಿಸಿದ. ಐದಾರು ಸ್ವರ ದಾಟಿ ಒಂದು ಆಳದ ಸ್ವರಕ್ಕೆ ಇಳಿದದ್ದೇ ತಡ, ಶೀಘ್ರಪ್ಪನ ಮೊಣಕಾಲ ಬಳಿ, ಯಾರೂ ಮುಟ್ಟದ ಸ್ನೇರ್ ಡ್ರಮ್ಮು 'ಜುರ್ರ್' ಎಂದಿತು. ಶೀಘ್ರಪ್ಪ ಜೀವಮಾನದಲ್ಲಿ ಮೊದಲ ಬಾರಿಗೆ ಶೀಘ್ರವಾಗಿ ಎದ್ದ.

"ಮತ್ತೆ ತಂತಿ ಸಡಿಲ ಮಾಡಿಲ್ಲ ನೋಡಿ!" ಎಂದು ಡ್ರಮ್ಮರ್ ನಕ್ಕ.

"ಮಾಡದಿದ್ದುದೇ ಒಳ್ಳೇದಾಯ್ತು," ಎಂದರು ತೂಕದಮ್ಮ. "ಆ ಸ್ವರ ಗಾಳಿಯನ್ನ ಅಲ್ಲಾಡಿಸೋ ವೇಗಕ್ಕೂ ಈ ಡ್ರಮ್ಮು ತಾನಾಗಿ ಅಲ್ಲಾಡೋ ವೇಗಕ್ಕೂ ತಾಳೆಯಾಗುತ್ತೆ. ಅದಕ್ಕೇ ಅದು ಗುಂಯ್ ಅಂದ್ರೆ ಇದು ಜುರ್ರ್ ಅನ್ನುತ್ತೆ. ದಿನಾ ಕೇಳಿ ಕೇಳಿ ಕರಡುವಿನ ಕಿವಿಗೆ ಇದು ಬೀಳೋದೇ ಇಲ್ಲ, ಹಿಟ್ಟಿನ ಗಿರಣಿಯವನಿಗೆ ಗಿರಣಿ ಸದ್ದು ಬೀಳದ ಹಾಗೆ. ಹೊಸಬರಾದ ಶೀಘ್ರಪ್ಪನಿಗೆ ಬಿತ್ತು. ಸೋಮವಾರದ ಟೇಪಲ್ಲಿ ಏಳು ಸಲ. ಬುಧವಾರದ ಟೇಪಲ್ಲಿ?"

ಶೀಘ್ರಪ್ಪ ಪುಟ ತಿರುವಿದ. "ಒಂದೂ ಇಲ್ಲ ಮೇಡಂ."

"ಆದರೆ ಬುಧವಾರ ಬೆಳಿಗ್ಗೆ ಡ್ರಮ್ಮು ಗೊರಕೆ ಹೊಡೆದಿದ್ದನ್ನ ಈ ಪುಣ್ಯಾತ್ಮ ಟೈರ್ ಬಿಚ್ತಾ ಕೇಳಿದ್ದಾನೆ. ಹೊಸ ಚರ್ಮ ಹಾಕಿದ ಮೇಲೆ ಸದ್ದು ನಿಂತಿರಬಹುದಾ ಅಂತ ನನಗೂ ಅನುಮಾನ ಇತ್ತು. ಈಗ ಎಲ್ರೂ ಕೇಳಿದ್ರಿ, ನಿಂತಿಲ್ಲ. ಒಂದೇ ಕೋಣೆ, ಒಂದೇ ಹೊತ್ತು. ಗೋಡೆ ಆಚೆ ಕೇಳಿದ ಜುರ್ರ್ ಗೋಡೆ ಒಳಗಿನ ರೆಕಾರ್ಡರಿಗೆ ಕೇಳಲಿಲ್ಲ ಅಂದ್ರೆ ತಕ್ಕಡಿ ಎಲ್ಲೋ ವಾಲಿದೆ. ಈ ಟೇಪು ಬುಧವಾರದ್ದಲ್ಲ. ಡ್ರಮ್ಮು ಈ ಕೋಣೇಲಿ ಇಲ್ಲದ ಹೊತ್ತಲ್ಲಿ ಮಾಡಿದ್ದು. ಅದು ಹೊರಗಿದ್ದದ್ದು ಮಂಗಳವಾರ ಸಂಜೆ ಐದರಿಂದ ಬುಧವಾರ ಬೆಳಿಗ್ಗೆ ಒಂಬತ್ತರ ತನಕ."

ಕರಡು ಬೇಸ್ ಗಿಟಾರನ್ನು ಮೆಲ್ಲಗೆ ಗೋಡೆಗೆ ಒರಗಿಸಿದ.

"ಹಾಗಾದ್ರೆ ಬುಧವಾರ ನಾನು ಕೇಳಿದ್ದು?" ಎಂದ ಡ್ರಮ್ಮರ್.

"ಮಂಗಳವಾರದ ಟೇಪು. ಅದನ್ನ ಸಣ್ಣ ರೆಕಾರ್ಡರಿಂದ ಆಂಪ್ಲಿಫೈಯರಿಗೆ ಬಿಟ್ಟು, ಇವನು ಬೇಸನ್ನೂ ಕ್ಯಾಸೆಟ್ಟನ್ನೂ ಹಿಡಿದು ಹಿಂಬಾಗಿಲಿಂದ ಹೊರಟ. ನಿಮ್ಮ ಕಟ್ಟಳೆಯಂತೆ ಯಾರೂ ಬಾಗಿಲು ಬಡಿಯಲ್ಲ. ಡ್ರಮ್ಮಿಗೆ ಮನುಷ್ಯ ಯಾರು, ಟೇಪು ಯಾವುದು ಅಂತ ಗೊತ್ತಾ? ಅದು ಪಾಪ, ಟೇಪಿಗೂ ಜುರ್ರ್ ಅಂತು. ಹೊರಗಿನಿಂದ ಕೇಳೋರಿಗೆ ಎಲ್ಲ ಸರಿಯಾಗೇ ಇತ್ತು. ಆ ಟೇಪನ್ನೇ ಬುಧವಾರದ್ದು ಅಂತ ಚೀಟಿ ಅಂಟಿಸಿ ನನಗೆ ಕೊಡದಿದ್ರೆ ನಾನೂ ಒದ್ದಾಡ್ತಿದ್ದೆ. ಸಾಕ್ಷಿ ಯಾರೂ ಕೇ‍ಳಿರಲಿಲ್ಲ. ಕುಂಬಳಕಾಯಿ ಕಳ್ಳ ಅನ್ನೋ ಮೊದಲೇ ಹೆಗಲು ಮುಟ್ಟಿ ನೋಡ್ಕೊಂಡ."

"ಆದರೆ ಯಾಕೆ?" ಗಾಯಕಿಯ ದನಿ ಏರಿತು. "ಕರಡು, ನೀನಾ? ಯಾಕೋ?"

"ಕದ್ದಿದ್ದು ಒಂದೇ ಕ್ಯಾಸೆಟ್," ಎಂದರು ತೂಕದಮ್ಮ. "ಆಲ್ಬಂ ಕೆಡಿಸೋರು ಐದೂ ಒಯ್ತಾರೆ, ಔಷಧಿಯ ಹುಡುಗಿ ಹೇಳಿದ್ದು ಸರಿಯಾಗೇ ಇತ್ತು. ಐದನೇದರಲ್ಲಿ ಮಾತ್ರ ಇರೋದು ಎರಡು: ತಾತನ ಟ್ರಂಪೆಟ್, ಬೇಸಿನ ತಪ್ಪು. ದಿನಾ ತನ್ನ ತಪ್ಪಿಗೆ ತಾನೇ ಗುರುತು ಹಾಕೋನು, ಪರರ ಮನೆ ಕ್ಯಾಲೆಂಡರ್ ವಾಲಿದ್ರೂ ತಡ್ಕೊಳ್ಳದೋನು, ಆ ತಪ್ಪು ಊರಿಗೆಲ್ಲ ಹಂಚಿಕೆಯಾಗೋದನ್ನ ತಡ್ಕೋತಾನಾ? ಬುಧವಾರ ಎರಡು ಗಂಟೆಯೊಳಗೆ ತಿದ್ದಬೇಕು. ಆದರೆ ಇಲ್ಲಿಯ ಯಂತ್ರ ಒರೆಸೋಕೆ ಹೋಗಿತ್ತು. ಅಂಥದ್ದು ಇನ್ನೊಂದಿರೋದು ಹಳೆ ಸಾಮಾನಿನ ಅಂಗಡೀಲಿ. ಕ್ಯಾಸೆಟ್ ಅಲ್ಲೇ ಇದೆ ಅಲ್ವೇನಪ್ಪ? ಕೈಯಲ್ಲಿದ್ದಿದ್ರೆ ಹತ್ತೂಕಾಲಿಗೇ ನೀನು ಡಬ್ಬಿಗೆ ಹಾಕಿರ್ತಿದ್ದೆ."

"ಅರ್ಧ ಗಂಟೆ ಕೆಲಸ ಅಂದ್ಕೊಂಡಿದ್ದೆ," ಎಂದ ಕರಡು. "ನನ್ನ ಸಾಲಿನ ಮೇಲೆ ಸರಿಯಾಗಿ ಮತ್ತೆ ನುಡಿಸಿ ತಂದಿಡೋದು, ಅಷ್ಟೇ."

"ನಿನ್ನ ಸಾಲಾ?" ಔಷಧಿಯವಳು ಕಿರುಚಿದಳು. "ಅದು ನಿನ್ನೊಬ್ಬನ ಸಾಲಲ್ಲ! ಜಾಗ ಸಾಲದೆ ತಾತನ ಟ್ರಂಪೆಟ್ಟನ್ನೂ ಬೇಸನ್ನೂ ಸೇರಿಸಿ ಒಂದೇ ಸಾಲಿಗೆ ಇಳಿಸಿದ್ದೆ. ಮೇಲೆ ನುಡಿಸಿದ್ರೆ ತಾತ ಪೂರ್ತಿ ಅಳಿಸಿ..."

ಗಾಯಕಿ ಬೀರುವಿನ ಬಾಗಿಲು ಹಿಡಿದುಕೊಂಡಳು.

"ಗೊತ್ತಿರಲಿಲ್ಲ," ಎಂದ ಕರಡು. "ರೆಕಾರ್ಡ್ ಗುಂಡಿ ಒತ್ತೋ ಮುಂಚೆ ಆ ಸಾಲೊಂದನ್ನೇ ಕೇಳಿದೆ. ನನ್ನ ತಪ್ಪು ಬಂತು. ಅದರ ಜೊತೇಲೇ ತಾತ ಉಸಿರು ಎಳ್ಕೊಳ್ಳೋದು ಕೇಳಿಸ್ತು. ಬೆರಳು ಗುಂಡಿ ಮೇಲಿತ್ತು. ತೆಗೆದುಬಿಟ್ಟೆ. ಒತ್ತಿಲ್ಲ. ಕ್ಯಾಸೆಟ್ ಆಚೆ ತೆಗೆಯೋಕೆ ಹೋದ್ರೆ ಹಳೇ ಯಂತ್ರ ಟೇಪನ್ನ ನುಂಗಿ ಕೂತಿತ್ತು. ಬಿಚ್ಚೋನು ಶುಕ್ರವಾರ ಬರ್ತಾನೆ ಅಂದ ಅಂಗಡಿಯವನು. ಮಧ್ಯಾಹ್ನ ಪ್ರೆಸ್ಸಿಂದ ಇಲ್ಲಿ ಬಂದ್ರೆ ಇವಳು ಡಬ್ಬಿ ನೋಡಿ ಆಗಿತ್ತು. ಔಷಧಿಯವಳನ್ನ ಬೈತಿದ್ದಾಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅದು ಇದಕ್ಕಿಂತ ದೊಡ್ಡ ತಪ್ಪು."

"ಹೌದು, ಅದು ದೊಡ್ಡದು," ಎಂದು ಏಳುತ್ತಾ ತೂಕದಮ್ಮ ಕೈಚೀಲದಿಂದ ತಕ್ಕಡಿ ಬಿಚ್ಚುವ ಸಣ್ಣ ಸ್ಕ್ರೂಡ್ರೈವರುಗಳನ್ನು ತೆಗೆದರು. "ಶುಕ್ರವಾರದ ತನಕ ಯಾಕೆ ಕಾಯಬೇಕು? ನಡೀರಿ."

ಹಳೆ ಸಾಮಾನಿನ ಅಂಗಡಿಯವನು ತೂಕದಮ್ಮನನ್ನು ಕಂಡವನೇ ಅಭ್ಯಾಸಬಲದಿಂದ ತನ್ನ ತಕ್ಕಡಿಯನ್ನು ಒರೆಸಿಟ್ಟ. ಅವರು ಅದರತ್ತ ನೋಡಲಿಲ್ಲ. ಯಂತ್ರದ ನಾಲ್ಕು ತಿರುಪು ಬಿಚ್ಚಿ, ರಬ್ಬರಿನ ಉರುಳೆಗೆ ಸುತ್ತಿದ್ದ ಟೇಪನ್ನು ಎಳೆಯೆಳೆಯಾಗಿ ಬಿಡಿಸಲು ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಗಾಯಕಿ ತಾತನ ತೋಳು ಬಿಡಲಿಲ್ಲ. ಟೇಪು ಗೇಣಿನಷ್ಟು ಸುಕ್ಕಾಗಿತ್ತು, ಹರಿದಿರಲಿಲ್ಲ.

ಅಲ್ಲೇ ನಿಂತು, ಔಷಧಿಯವಳು ತಂದ ಒರೆಸಿದ ಯಂತ್ರದಲ್ಲಿ ಹಾಕಿ ಕೇಳಿದರು. ಸುಕ್ಕಿದ್ದ ಕಡೆ ಗಿಟಾರು ನೀರಿನೊಳಗಿಂದ ಬಂದಂತೆ ಒಂದು ಗಳಿಗೆ ಮುಳುಗಿ ಎದ್ದಿತು. ಆಮೇಲೆ ಬೇಸಿನ ಆ ಸ್ವರ, ಅದರ ಬೆನ್ನಿಗೇ ಟ್ರಂಪೆಟ್. ತಾತ ಕೊನೆಯವರೆಗೂ ಕಣ್ಣು ಮುಚ್ಚಿಯೇ ಇದ್ದರು.

"ನೋಡಿ ತಾತ," ಎಂದ ಕರಡು, ತಗ್ಗಿದ ದನಿಯಲ್ಲಿ. "ಅರ್ಧ ಹೆಜ್ಜೆ ಮುಂಚೆ ಬಿದ್ದಿದ್ದೀನಿ."

"ನೀನಲ್ಲ ಕಣಯ್ಯ, ನಾನು," ಎಂದರು ತಾತ. "ಅವತ್ತು ಹಲ್ಲು ಅಲ್ಲಾಡ್ತಿತ್ತು. ಉಸಿರು ಹಿಡಿದು ಕಾಯೋಕಾಗದೆ ಮುಂಚೆನೇ ಶುರು ಮಾಡಿಬಿಟ್ಟೆ. ನನ್ನ ಭುಜ ಏಳೋದನ್ನ ಕಂಡು ನೀನೊಬ್ಬ ನನ್ನ ಜೊತೆಗೆ ಬಂದೆ. ಈ ಮೂವರು ಸರಿಯಾಗಿ ಎಣಿಸ್ಕೊಂಡು ನಿಂತಿದ್ರು, ನೀನು ಬರದಿದ್ರೆ ನಾನು ಒಂಟಿ ಆಗ್ತಿದ್ದೆ. ಗಿರಣಿ ಬ್ಯಾಂಡಲ್ಲಿ ಇದನ್ನ ತಪ್ಪು ಅಂತಿರಲಿಲ್ಲ."

ಕರಡು ಮುಖವನ್ನು ಆಚೆ ತಿರುಗಿಸಿ, ಅಂಗಡಿಯವನ ಕಪಾಟಿನಲ್ಲಿ ವಾಲಿದ್ದ ಒಂದು ಚೌಕಟ್ಟನ್ನು ನೋಡುತ್ತಾ ನಿಂತ. ಅದನ್ನು ನೆಟ್ಟಗೆ ಮಾಡಲಿಲ್ಲ. ಗಾಯಕಿ ಔಷಧಿಯವಳ ಹತ್ತಿರ ಹೋಗಿ ಏನೋ ಹೇಳಲು ಬಾಯಿ ತೆರೆದಳು.

"ಏನೂ ಹೇಳಬೇಡ," ಎಂದಳು ಅವಳು. "ನಿನ್ನೆ ಎರಡು ಗಂಟೆಗೆ ಕೂರ್ಬೇಕಿತ್ತು, ಒಂದು ದಿನ ತಡವಾಗಿ ಇವತ್ತು ಎರಡಕ್ಕೆ ಕೂರೋಣ. ನಡಿ, ಹದ ಮಾಡೋದು ಬಾಕಿ ಇದೆ. ಮುಗಿದ ಮೇಲೆ ಬೇಕಾದಷ್ಟು ಹೊತ್ತು ಕ್ಷಮೆ ಕೇಳು, ನಾನೇನು ಬೇಡ ಅನ್ನಲ್ಲ."

ಶನಿವಾರ ಸಂಜೆ ಸಭಾಂಗಣದಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಶೀಘ್ರಪ್ಪ ಕಿವಿಗೆ ಹತ್ತಿ ತುರುಕಿಕೊಂಡು ಮೊದಲ ಸಾಲಿನಲ್ಲಿ, ತಾತನ ಮತ್ತು ತೂಕದಮ್ಮನವರ ನಡುವೆ ಕೂತಿದ್ದ. ಒಂಬತ್ತು ಹಾಡು ಮುಗಿಯುವ ಹೊತ್ತಿಗೆ ಹತ್ತಿ ಯಾವಾಗ ತೆಗೆದೆನೆಂಬುದು ಅವನಿಗೇ ನೆನಪಿರಲಿಲ್ಲ.

ಹತ್ತನೆಯದಕ್ಕೆ ಕರಡು ಬೇಸ್ ಕೆಳಗಿಟ್ಟು ಪಕ್ಕಕ್ಕೆ ಸರಿದು ನಿಂತ. ಅವನ ಬೇಸೂ ತಾತನ ಟ್ರಂಪೆಟ್ಟೂ ಕೂಡಿದ್ದ ಆ ಒಂದು ಸಾಲನ್ನು ಕ್ಯಾಸೆಟ್ಟಿನಿಂದಲೇ ಸಭಾಂಗಣಕ್ಕೆ ಬಿಟ್ಟು, ಉಳಿದ ಮೂವರು ಅದರೊಡನೆ ನುಡಿಸುವುದೆಂದು ಗೊತ್ತಾಗಿತ್ತು. ಇದು ಯಾರ ಯೋಚನೆ ಎಂದು ಶೀಘ್ರಪ್ಪ ಕೇಳಿದಾಗ ತೂಕದಮ್ಮ ಬೆರಳಿನಿಂದ ಕರಡುವನ್ನು ತೋರಿಸಿದರು. ಸಾವಿರ ಜನರೆದುರು ಅವನು ಬರಿಗೈಯಲ್ಲಿ ನಿಂತು, ಆ ಜಾಗಕ್ಕಾಗಿ ಕಾದ.

ಅದು ಬಂತು, ಅರ್ಧ ಹೆಜ್ಜೆ ಮುಂಚೆ. ಈ ಬಾರಿ ಡ್ರಮ್ಮೂ ಮುಂಚೆ ಬಿತ್ತು, ಗಿಟಾರೂ, ಕೀಬೋರ್ಡೂ. ಯಾರೂ ಹಿಂದೆ ಉಳಿಯಲಿಲ್ಲ. ಅವುಗಳ ಮೇಲೆ ಟ್ರಂಪೆಟ್ ಎದ್ದು ಸಭಾಂಗಣದ ಮಾಡಿನವರೆಗೂ ಹೋಯಿತು. ಶೀಘ್ರಪ್ಪ ಪಕ್ಕಕ್ಕೆ ನೋಡಿದ. ತಾತನ ತುಟಿಗಳು ಬಿಗಿದಿದ್ದವು. ಬಲಗೈಯ ಮೂರು ಬೆರಳುಗಳು, ಟ್ರಂಪೆಟ್ಟಿನ ಮೂರು ಗುಂಡಿಗಳ ಮೇಲಿದ್ದಂತೆ, ಮಂಡಿಯ ಮೇಲೆ ಒಂದೊಂದಾಗಿ ಒತ್ತಿ ಏಳುತ್ತಿದ್ದವು, ಒಂದು ಸ್ವರವನ್ನೂ ಬಿಡದೆ.